ಬಿಸಿಲಿಗೆ ಕಪ್ಪಾದ ಚರ್ಮಕ್ಕೆ ಮನೆಯ ಆರೈಕೆ: ಉಜ್ಜದೆ, ಉರಿಸದೆ ಟ್ಯಾನ್ ಇಳಿಸುವ ದಾರಿ

ಸ್ಕೂಟರ್ ಓಡಿಸುವವರ ಕೈ ನೋಡಿದರೆ ಸಾಕು, ಈ ಸಲದ ಬೇಸಿಗೆ ಎಷ್ಟು ಜೋರಾಗಿತ್ತು ಅಂತ ಗೊತ್ತಾಗುತ್ತದೆ. ಅಂಗಿ ತೋಳಿನ ಕೆಳಗೆ ಒಂದು ಬಣ್ಣ, ಮೇಲೆ ಇನ್ನೊಂದು ಬಣ್ಣ. ವಾಚ್ ಬಿಚ್ಚಿದರೆ ಮಣಿಕಟ್ಟಿನಲ್ಲಿ ತಿಳಿ ಪಟ್ಟಿ, ಚಪ್ಪಲಿ ಬಿಚ್ಚಿದರೆ ಪಾದದ ಮೇಲೆ ಅದರ ಅಚ್ಚು. ಜಾತ್ರೆ, ಮದುವೆ ಓಡಾಟ, ಮಲ್ಪೆಗೋ ಗೋಕರ್ಣಕ್ಕೋ ಎರಡು ದಿನದ ಪ್ರವಾಸ ಮುಗಿಸಿ ಬಂದು ಕನ್ನಡಿ ನೋಡಿಕೊಂಡಾಗ ಬೇಜಾರಾಗುವುದು ಸಹಜ. ಆಗ ಕೈ ಹೋಗುವುದು ಅಡುಗೆಮನೆಯ ಕಡೆಗೆ. ನಿಂಬೆಹಣ್ಣು, ಸಕ್ಕರೆ, ಅಡುಗೆ ಸೋಡಾ, ಕಾಫಿಪುಡಿ. ಇವನ್ನು ಮೊದಲು ಇದ್ದ ಜಾಗದಲ್ಲೇ ಇಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಟ್ಯಾನ್ ಎಂದರೆ ಚರ್ಮದ ಮೇಲೆ ಕೂತ ಕೊಳೆಯಲ್ಲ. ಬಿಸಿಲಿನಲ್ಲಿರುವ, ಕಣ್ಣಿಗೆ ಕಾಣದ ಯುವಿ (ನೇರಳಾತೀತ) ಕಿರಣಗಳು ಚರ್ಮದ ಜೀವಕೋಶಗಳಿಗೆ ಪೆಟ್ಟು ಕೊಡುತ್ತವೆ. ಆ ಪೆಟ್ಟು ಇನ್ನೂ ಒಳಗೆ ಹೋಗದಿರಲಿ ಎಂದು ಚರ್ಮ ಮೆಲನಿನ್ ಎಂಬ ಬಣ್ಣವನ್ನು ಜಾಸ್ತಿ ತಯಾರಿಸಿ ಮೇಲಿನ ಕೋಶಗಳಿಗೆ ತುಂಬುತ್ತದೆ. ಬಿಸಿಲಿಗೆ ಹೋದ ದಿನ ಅಷ್ಟಾಗಿ ಕಾಣದ ಕಪ್ಪು ಎರಡು ಮೂರು ದಿನ ಬಿಟ್ಟು ಎದ್ದು ಕಾಣುವುದು ಇದಕ್ಕೇ. ಬಣ್ಣ ಕೋಶದ ಒಳಗಿದೆ. ಹಾಗಾಗಿ ಎಷ್ಟು ತೊಳೆದರೂ, ಎಷ್ಟು ಉಜ್ಜಿದರೂ ಒಂದೇ ದಿನದಲ್ಲಿ ಹೋಗುವುದಿಲ್ಲ.

ಸಮಾಧಾನದ ಸಂಗತಿ ಏನೆಂದರೆ, ಮೇಲ್ಪದರದ ಕೋಶಗಳು ತಾವಾಗಿಯೇ ಉದುರುತ್ತವೆ, ಕೆಳಗಿನಿಂದ ಹೊಸವು ಬರುತ್ತವೆ. ಇದಕ್ಕೆ ಸುಮಾರು 4ರಿಂದ 6 ವಾರ ಬೇಕು. ವಯಸ್ಸಾದಂತೆ ಇನ್ನೂ ನಿಧಾನ. ನಾವು ಮಾಡಬೇಕಾದ್ದು ಇಷ್ಟೇ: ಆ ಕೆಲಸಕ್ಕೆ ಅಡ್ಡ ಬರಬಾರದು, ಈ ನಡುವೆ ಹೊಸ ಬಿಸಿಲು ತಾಗಿಸಬಾರದು. ಮನೆಮದ್ದು ಇದಕ್ಕೆ ಸ್ವಲ್ಪ ಕೈ ಜೋಡಿಸುತ್ತದೆ, ಅಷ್ಟೇ.

ನಮ್ಮ ಕಂದು ಚರ್ಮದ ಒಂದು ಗುಣವನ್ನೂ ಇಲ್ಲೇ ಹೇಳಿಬಿಡಬೇಕು. ಸುಟ್ಟರೆ, ಗೀಚಿದರೆ, ಉರಿ ಬಂದರೆ, ಮೊಡವೆ ಆದರೆ, ಗಾಯ ಮಾಗಿದ ಮೇಲೂ ಅಲ್ಲಿ ಕಪ್ಪು ಕಲೆ ಉಳಿಯುತ್ತದೆ. ಟ್ಯಾನ್ ಒಂದೆರಡು ತಿಂಗಳಲ್ಲಿ ಇಳಿಯಬಹುದು, ಈ ಕಲೆ ಆರು ತಿಂಗಳಾದರೂ ಹೋಗದೇ ಇರಬಹುದು. ಟ್ಯಾನ್ ತೆಗೆಯಲು ಹೋಗಿ ಮುಖವನ್ನು ಇನ್ನಷ್ಟು ಕಪ್ಪು ಮಾಡಿಕೊಂಡವರು ಎಷ್ಟೋ ಜನ ಇದ್ದಾರೆ. ಈ ಲೇಖನದಲ್ಲಿ 'ಮೆಲ್ಲಗೆ' ಎಂಬ ಮಾತು ಮತ್ತೆ ಮತ್ತೆ ಬಂದರೆ ಕಾರಣ ಇದೇ.

ಮೊದಲ ಹೆಜ್ಜೆ: ಇದು ನಿಜವಾಗಿ ಟ್ಯಾನೇನಾ?

ಹಗಲು ಹೊತ್ತು ಕಿಟಕಿ ಪಕ್ಕ ನಿಂತು ನೋಡಿ. ತೋಳಿನ ಒಳಭಾಗ, ಕಂಕುಳ ಹತ್ತಿರದ ಚರ್ಮ, ನಿಮ್ಮ ಹುಟ್ಟುಬಣ್ಣ. ಕೈ, ಮುಖ, ಪಾದವನ್ನು ಅದರ ಜೊತೆ ಹೋಲಿಸಿ. ಮರಳಿ ಬರಬಹುದಾದ್ದು ಆ ಬಣ್ಣದವರೆಗೆ ಮಾತ್ರ. ಅದಕ್ಕಿಂತ ತಿಳಿಯಾಗಿಸುತ್ತೇವೆ ಎಂದು ಯಾವ ಪ್ಯಾಕ್, ಯಾವ ಕ್ರೀಮ್ ಹೇಳಿದರೂ ನಂಬಬೇಡಿ. ಬೇಕಾಗಿಯೂ ಇಲ್ಲ.

ಟ್ಯಾನ್‌ಗೆ ಸಾಮಾನ್ಯವಾಗಿ ಒಂದು ಗಡಿ ಇರುತ್ತದೆ. ತೋಳಿನ ಅಂಚು, ಬ್ಲೌಸಿನ ಕುತ್ತಿಗೆ, ಚಪ್ಪಲಿಯ ಪಟ್ಟಿ, ಹೆಲ್ಮೆಟ್ಟಿನ ಬೆಲ್ಟ್. ಬಟ್ಟೆ ಮುಚ್ಚಿದ ಕಡೆ ತಿಳಿ, ತೆರೆದ ಕಡೆ ಕಪ್ಪು. ಹಾಗಿಲ್ಲದಿದ್ದರೆ ಸ್ವಲ್ಪ ಯೋಚಿಸಿ.

ಎರಡೂ ಕೆನ್ನೆ, ಹಣೆ, ಮೇಲ್ದುಟಿಯ ಮೇಲೆ ಕಂದು ಮಚ್ಚೆಗಳು ಹರಡಿದ್ದರೆ ಅದು ಬಂಗು ಇರಬಹುದು. ಬಸುರಿನಲ್ಲಿ, ಹೆರಿಗೆಯ ಆಚೆ ಈಚೆ, ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವಾಗ ಇದು ಬರುವುದುಂಟು. ಬಿಸಿಲು ಇದನ್ನು ಜಾಸ್ತಿ ಮಾಡುತ್ತದೆ. ಕಡಲೆಹಿಟ್ಟು ಹಚ್ಚಿ ಬಂಗು ಹೋಗಿಸಲು ಆಗುವುದಿಲ್ಲ. ಚರ್ಮವೈದ್ಯರನ್ನೇ ನೋಡಬೇಕು.

ಕುತ್ತಿಗೆಯ ವಿಷಯ ಇನ್ನೂ ಮುಖ್ಯ. ಕುತ್ತಿಗೆಯ ಹಿಂಭಾಗ ಕಪ್ಪಾಗಿ, ದಪ್ಪಗೆ, ಮಖಮಲ್ಲಿನಂತೆ ಕೈಗೆ ಸಿಗುತ್ತಿದೆಯಾ? ಕಂಕುಳಲ್ಲೂ ಹಾಗೇ ಇದೆಯಾ? ಬಹಳ ಮನೆಗಳಲ್ಲಿ ಇದನ್ನು ಕೊಳೆ ಅಂದುಕೊಂಡು ಮಕ್ಕಳ ಕುತ್ತಿಗೆಯನ್ನು ನಾರಿನಿಂದ ತಿಕ್ಕುತ್ತಾರೆ. 'ಸರಿಯಾಗಿ ಸ್ನಾನ ಮಾಡಲ್ಲ' ಅಂತ ಬೈಯುತ್ತಾರೆ. ಪಾಪ, ಆ ಮಗುವಿನ ತಪ್ಪೇನೂ ಇಲ್ಲ. ದೇಹಕ್ಕೆ ಇನ್ಸುಲಿನ್ ಸರಿಯಾಗಿ ಬಳಸಿಕೊಳ್ಳಲು ಆಗದಿದ್ದಾಗ ಕುತ್ತಿಗೆ ಹೀಗಾಗುತ್ತದೆ. ಮುಂದೆ ಸಕ್ಕರೆ ಕಾಯಿಲೆ ಬರಬಹುದೆಂಬ ಮುನ್ಸೂಚನೆಯೂ ಆಗಿರಬಹುದು. ಇಲ್ಲಿ ಬೇಕಾದ್ದು ಪ್ಯಾಕ್ ಅಲ್ಲ, ರಕ್ತದ ಸಕ್ಕರೆ ಪರೀಕ್ಷೆ.

ನೀವು ತೆಗೆದುಕೊಳ್ಳುವ ಮಾತ್ರೆಗಳ ಕಡೆಗೂ ಒಮ್ಮೆ ಕಣ್ಣು ಹಾಯಿಸಿ. ಮೊಡವೆಗೆ ಕೊಡುವ ಡಾಕ್ಸಿಸೈಕ್ಲಿನ್, ಬಿಪಿಗೆ ಕೊಡುವ ಹೈಡ್ರೋಕ್ಲೋರೋಥಯಾಜೈಡ್ ಇದ್ದರೆ ಚರ್ಮ ಬಿಸಿಲಿಗೆ ಬೇಗ ಸೋಲುತ್ತದೆ. ಮೊಡವೆಗೆ, ಸುಕ್ಕಿಗೆ ಕೊಡುವ ರೆಟಿನಾಯ್ಡ್ ಕ್ರೀಮ್ ಹಚ್ಚುವವರಿಗೂ ಹೀಗೇ. ನೀವಾಗೇ ಔಷಧಿ ನಿಲ್ಲಿಸಬೇಡಿ. ವೈದ್ಯರಿಗೆ ಹೇಳಿ, ಬಿಸಿಲಿನಿಂದ ಇನ್ನೂ ಹುಷಾರಾಗಿರಿ.

ಎರಡನೇ ಹೆಜ್ಜೆ: ಸುಟ್ಟಿದ್ದರೆ ಮೊದಲು ತಣಿಸಿ

ನಮ್ಮ ಚರ್ಮ ಬಿಸಿಲಿಗೆ ಸುಟ್ಟಾಗ ಕೆಂಪಗೆ ಕಾಣಲೇಬೇಕೆಂದಿಲ್ಲ. ಮುಟ್ಟಿದರೆ ಬಿಸಿ, ಬಿಗಿದಂತೆ ಅನಿಸುವುದು, ನೀರು ಬಿದ್ದರೆ ಉರಿ, ತುರಿಕೆ. ಇವೇ ಗುರುತು. ಹೀಗಿದ್ದರೆ ಯಾವ ಪ್ಯಾಕೂ ಹಚ್ಚಬೇಡಿ. ಮೊಸರೂ ಬೇಡ, ಅರಿಶಿನವೂ ಬೇಡ.

ತಣ್ಣೀರಿನಲ್ಲಿ ಅದ್ದಿ ಹಿಂಡಿದ ಹತ್ತಿ ಬಟ್ಟೆಯನ್ನು ಹತ್ತು ಹದಿನೈದು ನಿಮಿಷ ಇಡಿ. ದಿನಕ್ಕೆ ಮೂರು ನಾಲ್ಕು ಸಲ ಮಾಡಬಹುದು. ಐಸ್ ಗಡ್ಡೆಯನ್ನು ನೇರವಾಗಿ ಇಡಬೇಡಿ, ಅದೂ ಚರ್ಮವನ್ನು ಸುಡುತ್ತದೆ. ಎಣ್ಣೆ, ತುಪ್ಪ ಸವರಿದರೆ ಬಿಸಿ ಒಳಗೇ ನಿಲ್ಲುತ್ತದೆ. ಲೋಳೆಸರದ ತಿಳಿ ಲೋಳೆ ಅಥವಾ ವಾಸನೆ ಬೆರೆಸದ ತೆಳು ಮಾಯಿಶ್ಚರೈಸರ್ ಸಾಕು. ಮಜ್ಜಿಗೆ, ಎಳನೀರು, ನೀರು ಚೆನ್ನಾಗಿ ಕುಡಿಯಿರಿ. ಬೊಬ್ಬೆ ಎದ್ದರೆ ಒಡೆಯಬೇಡಿ. ಬೊಬ್ಬೆ ದೊಡ್ಡದಾಗಿದ್ದರೆ, ಜ್ವರ, ವಾಂತಿ, ತಲೆಸುತ್ತು ಬಂದರೆ ಆಸ್ಪತ್ರೆಗೆ ಹೋಗಿ. ಸಿಪ್ಪೆ ಏಳುತ್ತಿದ್ದರೆ ಕೀಳದೆ ತಾನಾಗಿ ಉದುರಲು ಬಿಡಿ. ಉರಿ ಪೂರ್ತಿ ಹೋಗಿ ಒಂದು ವಾರವಾದ ಮೇಲೆ ಪ್ಯಾಕ್‌ಗಳಿಗೆ ಬನ್ನಿ.

ಮೂರನೇ ಹೆಜ್ಜೆ: ಹೊಸ ಬಿಸಿಲು ನಿಲ್ಲಿಸುವುದು

ಇದನ್ನು ಬಿಟ್ಟು ಉಳಿದದ್ದೆಲ್ಲ ಮಾಡಿದರೆ ತೂತು ಬಿದ್ದ ಬಿಂದಿಗೆಗೆ ನೀರು ಹೊತ್ತ ಹಾಗೆ. ಟ್ಯಾನ್ ಇಳಿಯುವುದರಲ್ಲಿ ಮುಕ್ಕಾಲು ಪಾಲು ಕೆಲಸ ಇಲ್ಲೇ ಇದೆ ಎಂಬುದು ನನ್ನ ದೃಢ ಅಭಿಪ್ರಾಯ.

ಬೆಂಗಳೂರು, ಮೈಸೂರು ಕಡೆಯವರಿಗೆ ಒಂದು ತಪ್ಪು ಕಲ್ಪನೆ ಇದೆ. ಕಲಬುರಗಿ, ರಾಯಚೂರು, ಬಳ್ಳಾರಿಯ ಸೆಕೆ ನಮ್ಮಲ್ಲಿಲ್ಲ, ತಂಪು ಗಾಳಿ ಇದೆ, ಹಾಗಾಗಿ ಬಿಸಿಲು ಏನೂ ಮಾಡುವುದಿಲ್ಲ ಅಂತ. ಆದರೆ ಚರ್ಮ ಕಪ್ಪಾಗಿಸುವುದು ಸೆಕೆಯಲ್ಲ, ಯುವಿ ಕಿರಣ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಪ್ರತಿ 1000 ಮೀಟರ್ ಮೇಲೇರಿದಂತೆ ಯುವಿ ಸುಮಾರು ಶೇ. 10ರಷ್ಟು ಹೆಚ್ಚುತ್ತದೆ. ಗಾಳಿ ತಂಪಾಗಿದ್ದರೆ ನಾವು ಇನ್ನೂ ಜಾಸ್ತಿ ಹೊತ್ತು ಹೊರಗಿರುತ್ತೇವೆ, ಅಷ್ಟೇ ವ್ಯತ್ಯಾಸ.

ಬೆಂಗಳೂರಿನಲ್ಲಿ ಏಪ್ರಿಲ್ 24ರ ಆಸುಪಾಸು ಮತ್ತು ಆಗಸ್ಟ್ 18ರ ಆಸುಪಾಸು ಶೂನ್ಯ ನೆರಳಿನ ದಿನ ಬರುತ್ತದೆ. ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ, ನೆಟ್ಟ ಕೋಲಿಗೂ ನೆರಳಿರುವುದಿಲ್ಲ. ಈ ಎರಡು ದಿನಗಳ ನಡುವಿನ ತಿಂಗಳುಗಳಲ್ಲೂ ಸೂರ್ಯ ನೆತ್ತಿಯಿಂದ ದೂರ ಹೋಗುವುದಿಲ್ಲ. ಅಂದರೆ ಜೂನ್, ಜುಲೈಯ ಮೋಡದ ಹಿಂದೆಯೂ ಬಿಸಿಲು ಪ್ರಖರವಾಗಿಯೇ ಇರುತ್ತದೆ. ತೆಳು ಮೋಡ ಯುವಿಯನ್ನು ಅಷ್ಟಾಗಿ ತಡೆಯುವುದಿಲ್ಲ. ಮಳೆಗಾಲ ಬಂತು ಅಂತ ಸನ್‌ಸ್ಕ್ರೀನ್ ಎತ್ತಿಡಬೇಡಿ.

ಮೊಬೈಲಿನಲ್ಲಿ ಯುವಿ ಸೂಚ್ಯಂಕ, ಅಂದರೆ ಯುವಿ ಎಷ್ಟು ಜೋರಾಗಿದೆ ಎಂಬ ಅಂಕಿ, ನೋಡಬಹುದು. ಅದು 3 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ರಕ್ಷಣೆ ಬೇಕು. ಅದೂ ಬೇಡ ಅಂದರೆ ನಿಮ್ಮ ನೆರಳನ್ನೇ ನೋಡಿ. ನೆರಳು ನಿಮಗಿಂತ ಗಿಡ್ಡವಾಗಿದ್ದರೆ ಬಿಸಿಲು ಜೋರಾಗಿದೆ ಎಂದರ್ಥ. ಸುಮಾರಾಗಿ ಬೆಳಿಗ್ಗೆ 10ರಿಂದ ಮಧ್ಯಾಹ್ನ 4ರವರೆಗೆ ಎಂದಿಟ್ಟುಕೊಳ್ಳಿ. ಬಟ್ಟೆ ಒಣಹಾಕುವುದು, ಸಂಡಿಗೆ ಇಡುವುದು, ತರಕಾರಿ ತರುವುದು, ವಾಕಿಂಗ್, ಆಗುವಷ್ಟನ್ನು ಇದರ ಆಚೆ ಈಚೆ ಮಾಡಿ.

ಎಲ್ಲರಿಗೂ ಸಮಯ ಬದಲಿಸಲು ಆಗುವುದಿಲ್ಲ, ಗೊತ್ತು. ಹೊಲದ ಕೆಲಸ, ಡೆಲಿವರಿ ಕೆಲಸ, ಕಟ್ಟಡ ಕೆಲಸ ಬಿಸಿಲು ನೋಡಿ ನಿಲ್ಲುವುದಿಲ್ಲ. ಅವರಿಗೆ ಬಟ್ಟೆಯೇ ಆಧಾರ. ಗದ್ದೆಗೆ ಹೋಗುವ ಹೆಂಗಸರು ಸೀರೆಯ ಮೇಲೆ ತುಂಬು ತೋಳಿನ ಅಂಗಿ ಹಾಕಿಕೊಳ್ಳುತ್ತಾರಲ್ಲ, ಅದಕ್ಕಿಂತ ಒಳ್ಳೆಯ ಉಪಾಯ ಇಲ್ಲ. ಬಯಲುಸೀಮೆಯ ರುಮಾಲು, ಕರಾವಳಿಯ ಅಡಿಕೆ ಹಾಳೆಯ ಟೋಪಿ ಮುಟ್ಟಾಳೆ ಎಲ್ಲವೂ ಇದೇ ತಿಳಿವಳಿಕೆಯಿಂದ ಬಂದವು. ಬಟ್ಟೆ ಒತ್ತಾಗಿ ನೇಯ್ದದ್ದಾಗಿರಲಿ. ಬೆಳಕಿಗೆ ಹಿಡಿದಾಗ ಆಚೆ ಬದಿ ಕಾಣುವಷ್ಟು ತೆಳುವಾದ ಬಿಳಿ ವೇಲು ಮುಖಕ್ಕೆ ಸುತ್ತಿಕೊಂಡರೆ ಧೂಳು ತಡೆಯುತ್ತದೆ, ಬಿಸಿಲನ್ನು ಅಷ್ಟಾಗಿ ತಡೆಯುವುದಿಲ್ಲ. ಗಾಢ ಬಣ್ಣದ್ದು, ದಪ್ಪನೆಯದು ಮೇಲು. ಗಾಡಿ ಓಡಿಸುವವರು ತೋಳುಚೀಲ, ಕೈಗವಸು ಹಾಕಿಕೊಳ್ಳಿ. ಕಾರಿನ ಪಕ್ಕದ ಗಾಜಿನ ಮೂಲಕ ಯುವಿ ಎ ಕಿರಣ (ಯುವಿಯ ಒಂದು ಬಗೆ, ಇನ್ನೊಂದು ಯುವಿ ಬಿ) ಒಳಗೆ ಬರುತ್ತದೆ. ದಿನವೂ ಡ್ರೈವ್ ಮಾಡುವವರ ಬಲಗೈ ಎಡಗೈಗಿಂತ ಕಪ್ಪಾಗುವುದು ಇದರಿಂದಲೇ.

ಬಟ್ಟೆ ಮುಚ್ಚದ ಕಡೆಗೆ ಸನ್‌ಸ್ಕ್ರೀನ್. ಡಬ್ಬಿಯ ಮೇಲೆ ಎಸ್‌ಪಿಎಫ್, ಅಂದರೆ ಬಿಸಿಲಿಗೆ ಸುಡುವುದನ್ನು ಎಷ್ಟು ತಡೆಯುತ್ತದೆ ಎಂಬ ಅಂಕಿ, ಕನಿಷ್ಠ 30 ಇರಲಿ. ಇದು ಯುವಿ ಬಿ ಕಿರಣದ ಸುಮಾರು ಶೇ. 97ರಷ್ಟನ್ನು ತಡೆಯುತ್ತದೆ, 50 ಆದರೆ ಶೇ. 98ರಷ್ಟು. ಎಸ್‌ಪಿಎಫ್ ಸಂಖ್ಯೆಗೆ ಜಾಸ್ತಿ ದುಡ್ಡು ಕೊಡುವುದಕ್ಕಿಂತ, ಪಿಎ ಎಂಬ ಅಕ್ಷರಗಳ ಮುಂದೆ ಮೂರು ಅಥವಾ ನಾಲ್ಕು ಪ್ಲಸ್ ಗುರುತು ಇದೆಯಾ ನೋಡಿ. ಅದು ಯುವಿ ಎ ತಡೆಯ ಗುರುತು. ಮುಖ ಮತ್ತು ಕುತ್ತಿಗೆಗೆ ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಎಳೆದಷ್ಟು ಬೇಕು. ಕಡಲೆಕಾಳಿನಷ್ಟು ಹಚ್ಚಿದರೆ ಡಬ್ಬಿಯ ಮೇಲೆ ಬರೆದ ರಕ್ಷಣೆ ಸಿಗುವುದಿಲ್ಲ. ಹೊರಡುವ ಹದಿನೈದು ನಿಮಿಷ ಮುಂಚೆ ಹಚ್ಚಿ. ಹೊರಗೇ ಇದ್ದರೆ ಎರಡು ಗಂಟೆಗೊಮ್ಮೆ, ಬೆವರು ಒರೆಸಿದ ಮೇಲೆ, ನೀರಲ್ಲಿ ಆಡಿದ ಮೇಲೆ ಮತ್ತೆ ಹಚ್ಚಬೇಕು. ಕಿವಿ, ಕುತ್ತಿಗೆಯ ಹಿಂಭಾಗ, ಪಾದದ ಮೇಲ್ಭಾಗ ಮರೆಯಬೇಡಿ.

ಮುಖ ಬೂದಿ ಬಳಿದಂತೆ ಕಾಣುತ್ತದೆ ಅಂತ ಎಷ್ಟೋ ಜನ ಸನ್‌ಸ್ಕ್ರೀನ್ ಬಿಟ್ಟುಬಿಡುತ್ತಾರೆ. ಜೆಲ್ ಥರದ್ದು ತಗೊಳ್ಳಿ, ಬಿಳಿಚುವುದಿಲ್ಲ. ಬಂಗು ಇರುವವರು ಚರ್ಮದ ಬಣ್ಣ ಬೆರೆಸಿದ ಸನ್‌ಸ್ಕ್ರೀನ್ ಕೇಳಿ. ಅದರಲ್ಲಿರುವ ಐರನ್ ಆಕ್ಸೈಡ್ ಕಣ್ಣಿಗೆ ಕಾಣುವ ಬೆಳಕನ್ನೂ ತಡೆಯುತ್ತದೆ. ಆ ಬೆಳಕೂ ಕಂದು ಚರ್ಮವನ್ನು ಕಪ್ಪಾಗಿಸುತ್ತದೆ. ಕೊಬ್ಬರಿ ಎಣ್ಣೆಯೇ ಸನ್‌ಸ್ಕ್ರೀನ್ ಎಂದು ಹೇಳುವವರಿದ್ದಾರೆ. ಅದರ ತಡೆ ತೀರಾ ಕಡಿಮೆ, ನೆಚ್ಚಿಕೊಳ್ಳಬೇಡಿ.

ದಿನದ ಆರೈಕೆ

ಇದನ್ನು ಬೇಗ ಹೇಳಿಬಿಡುತ್ತೇನೆ, ಯಾಕೆಂದರೆ ಇದರಲ್ಲಿ ಜಾಸ್ತಿ ಏನೂ ಇಲ್ಲ. ಆರೋಗ್ಯವಾಗಿರುವ ಚರ್ಮ ಸ್ವಲ್ಪ ಆಮ್ಲೀಯ, ಪಿಎಚ್ (ಹುಳಿ, ಕ್ಷಾರದ ಅಳತೆ; 7ಕ್ಕಿಂತ ಕಡಿಮೆ ಹುಳಿ, ಜಾಸ್ತಿ ಕ್ಷಾರ) ಸುಮಾರು 5. ಸಾಮಾನ್ಯ ಸೋಪು 9ರಿಂದ 10. ಅದಕ್ಕೇ ಸೋಪು ಹಾಕಿ ಮುಖ ತೊಳೆದರೆ ಬಿಗಿಯುತ್ತದೆ. ಮುಖಕ್ಕೆ ಮೆದು ಫೇಸ್‌ವಾಶ್ ದಿನಕ್ಕೆ ಎರಡು ಸಲ ಸಾಕು. ಕೈಕಾಲಿಗೆ ಸೋಪಿನ ಬದಲು ನುಣ್ಣಗಿನ ಹೆಸರುಹಿಟ್ಟು ಬಳಸಬಹುದು. ನೀರು ಉಗುರುಬೆಚ್ಚಗಿರಲಿ. ಸುಡುವ ನೀರಿನ ಸ್ನಾನ ಇಷ್ಟವಾದರೂ ಟ್ಯಾನ್ ಇಳಿಯುವವರೆಗೆ ಬಿಡಿ.

ಒರೆಸುವಾಗ ತಿಕ್ಕದೆ ಒತ್ತಿ ಒರೆಸಿ. ಮೈ ಇನ್ನೂ ಹಸಿಯಾಗಿರುವಾಗಲೇ ಮಾಯಿಶ್ಚರೈಸರ್ ಹಚ್ಚಿ. ಗ್ಲಿಸರಿನ್ ಇರುವ ಯಾವುದೇ ಸಾದಾ ಲೋಷನ್ ಆಗುತ್ತದೆ. ಕೈಕಾಲಿಗೆ ಕೊಬ್ಬರಿ ಎಣ್ಣೆ ಒಳ್ಳೆಯದು. ಮೊಡವೆ ಬರುವ ಮುಖಕ್ಕೆ ಮಾತ್ರ ಎಣ್ಣೆ ಬೇಡ. ಒಣಗಿದ ಚರ್ಮದ ಮೇಲೆ ಸತ್ತ ಕೋಶಗಳು ಸರಿಯಾಗಿ ಉದುರದೆ ಅಂಟಿಕೊಂಡಿರುತ್ತವೆ, ಟ್ಯಾನ್ ಇನ್ನೂ ಮಂಕಾಗಿ ಕಾಣುತ್ತದೆ. ತೇವ ಉಳಿಸಿಕೊಂಡರೆ ಮೂರು ನಾಲ್ಕು ದಿನಕ್ಕೇ ಮುಖದಲ್ಲಿ ಕಳೆ ಬರುತ್ತದೆ. ಪ್ಯಾಕ್‌ಗಳಿಗೆ ಸಲ್ಲುವ ಹೊಗಳಿಕೆಯಲ್ಲಿ ಅರ್ಧ ಈ ತೇವಕ್ಕೆ ಸಲ್ಲಬೇಕು.

ಅಡುಗೆಮನೆಯಿಂದ ಏನು ತಗೊಳ್ಳಬಹುದು

ಯಾವುದನ್ನೇ ಆಗಲಿ ಮೊದಲು ಮೊಣಕೈ ಒಳಮಡಿಕೆಯಲ್ಲಿ ಸ್ವಲ್ಪ ಹಚ್ಚಿ, ಹತ್ತು ನಿಮಿಷಕ್ಕೆ ತೊಳೆದು, ಎರಡು ದಿನ ಕಾಯಿರಿ. ತುರಿಕೆ, ಗುಳ್ಳೆ, ಕೆಂಪು ಬಾರದಿದ್ದರೆ ಮಾತ್ರ ಮುಂದುವರಿಯಿರಿ. ತಿನ್ನುವ ಪದಾರ್ಥ ಅಂದಮಾತ್ರಕ್ಕೆ ಚರ್ಮಕ್ಕೂ ಹೊಂದುತ್ತದೆ ಅಂತಿಲ್ಲ. ವಾರಕ್ಕೆ ಎರಡು ಸಲಕ್ಕಿಂತ ಜಾಸ್ತಿ ಬೇಡ. ಸಂಜೆ ಹಚ್ಚುವುದು ಒಳ್ಳೆಯದು, ತೊಳೆದ ಕೂಡಲೇ ಬಿಸಿಲಿಗೆ ಹೋಗುವ ಪ್ರಸಂಗ ಬರುವುದಿಲ್ಲ.

ನನಗೆ ಎಲ್ಲಕ್ಕಿಂತ ಮೆಚ್ಚಿಗೆ ಹೆಸರುಹಿಟ್ಟು ಮತ್ತು ಮೊಸರು. ಎಳೆಗೂಸುಗಳಿಗೂ ಹೆಸರುಹಿಟ್ಟಿನ ಸ್ನಾನ ಮಾಡಿಸುವ ಪದ್ಧತಿ ನಮ್ಮಲ್ಲಿದೆ, ಅಷ್ಟು ಮೆದು ಅದು. ಹೆಸರುಬೇಳೆಯನ್ನು ಮಿಕ್ಸಿಯಲ್ಲಿ ಪುಡಿ ಮಾಡಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿಯಿರಿ. ಬೆರಳ ಮಧ್ಯೆ ತಿಕ್ಕಿದರೆ ಮರಳು ಮರಳಾಗಿ ಸಿಗಬಾರದು. ಎರಡು ಚಮಚ ಹಿಟ್ಟಿಗೆ ಮೂರು ಚಮಚ ಅಂದಿನ ತಾಜಾ ಮೊಸರು, ಉಪ್ಪು ಹಾಕದ್ದು. ಹುಳಿ ಬಂದ ಮೊಸರು ಬೇಡ, ಕೆಲವರಿಗೆ ಉರಿಯುತ್ತದೆ. ದೋಸೆಹಿಟ್ಟಿನ ಹದಕ್ಕೆ ಬಂದರೆ ಸರಿ. ತೊಳೆದ ಮುಖಕ್ಕೆ, ಕೈಗೆ ತೆಳ್ಳಗೆ ಹಚ್ಚಿ. ಕಣ್ಣು, ತುಟಿಯ ಸುತ್ತ ಬಿಡಿ. ಎಂಟು ಹತ್ತು ನಿಮಿಷ ಸಾಕು. ಪೂರ್ತಿ ಒಣಗಿ ಬಿರುಕು ಬಿಡುವವರೆಗೆ ಕಾಯುವ ಅಭ್ಯಾಸ ಬಿಡಿ. ಹಾಗೆ ಒಣಗುವಾಗ ಅದು ಚರ್ಮದ ತೇವವನ್ನೇ ಹೀರುತ್ತದೆ, ಕೀಳುವಾಗ ಎಳೆಯುತ್ತದೆ. ಅಂಚು ಒಣಗಲು ಶುರುವಾದ ಕೂಡಲೇ ನೀರು ಚಿಮುಕಿಸಿ, ನೆನೆಸಿ, ಬೆರಳ ತುದಿಯಿಂದ ಮೆಲ್ಲಗೆ ಸವರುತ್ತಾ ತೊಳೆಯಿರಿ. ತಕ್ಷಣ ಮಾಯಿಶ್ಚರೈಸರ್.

ಇದು ಏನು ಮಾಡುತ್ತದೆ? ಮೊಸರಿನಲ್ಲಿ ಲ್ಯಾಕ್ಟಿಕ್ ಆಮ್ಲ ಇದೆ, ಶೇ. 1ರ ಹತ್ತಿರ. ಸತ್ತ ಕೋಶಗಳ ನಡುವಿನ ಅಂಟನ್ನು ಸಡಿಲಿಸುವ ಗುಣ ಅದಕ್ಕಿದೆ. ಕ್ಲಿನಿಕ್ಕಿನಲ್ಲಿ ಬಳಸುವ ಲ್ಯಾಕ್ಟಿಕ್ ಆಮ್ಲಕ್ಕೆ ಹೋಲಿಸಿದರೆ ಇದು ಬಹಳ ತೆಳು. ಅದಕ್ಕೇ ಫಲಿತಾಂಶ ನಿಧಾನ, ಅದಕ್ಕೇ ಮನೆಯಲ್ಲಿ ಮಾಡಲು ಯೋಗ್ಯವೂ ಹೌದು.

ಜಿಡ್ಡು ಚರ್ಮದವರು ಹೆಸರುಹಿಟ್ಟಿನ ಜಾಗದಲ್ಲಿ ಕಡಲೆಹಿಟ್ಟು ಬಳಸಬಹುದು. ಒಣ ಚರ್ಮಕ್ಕೆ ಕಡಲೆಹಿಟ್ಟೂ ಮುಲ್ತಾನಿ ಮಿಟ್ಟಿಯೂ ಜಾಸ್ತಿ ಒಣಗಿಸುತ್ತವೆ. ಅವರಿಗೆ ಓಟ್ಸ್ ಒಳ್ಳೆಯದು. ಎರಡು ಚಮಚ ಓಟ್ಸನ್ನು ನುಣ್ಣಗೆ ಪುಡಿ ಮಾಡಿ, ಕಾಯಿಸಿ ಆರಿಸಿದ ಹಾಲಿನಲ್ಲಿ ಐದು ನಿಮಿಷ ನೆನೆಸಿ ಹಚ್ಚಿ. ಓಟ್ಸ್ ತುರಿಕೆ, ಉರಿಯನ್ನು ಶಮನ ಮಾಡುತ್ತದೆ ಎಂಬುದು ಚರ್ಮವೈದ್ಯರೂ ಒಪ್ಪುವ ಮಾತು.

ಲೋಳೆಸರವನ್ನು ಕುಂಡದಿಂದ ಕಿತ್ತು ನೇರವಾಗಿ ಮುಖಕ್ಕೆ ತಿಕ್ಕುವವರಿದ್ದಾರೆ. ಹಾಗೆ ಮಾಡಬೇಡಿ. ಎಲೆ ಕೊಯ್ದಾಗ ಸಿಪ್ಪೆಯ ಕೆಳಗಿನಿಂದ ಹಳದಿ ರಸ ಸೋರುತ್ತದಲ್ಲ, ಅದೇ ತುರಿಕೆ ತರುವುದು. ಎಲೆಯನ್ನು ಕೊಯ್ದ ತುದಿ ಕೆಳಗೆ ಮಾಡಿ ಹದಿನೈದು ನಿಮಿಷ ಲೋಟದಲ್ಲಿ ನಿಲ್ಲಿಸಿ. ರಸ ಇಳಿದ ಮೇಲೆ ತೊಳೆದು, ಸಿಪ್ಪೆ ಸುಲಿದು, ಒಳಗಿನ ಗಾಜಿನಂಥ ಲೋಳೆಯನ್ನು ಇನ್ನೊಮ್ಮೆ ತೊಳೆದು ಬಳಸಿ. ಇದು ಬಣ್ಣ ತೆಗೆಯುತ್ತದೆ ಎಂದು ಹೇಳಲಾರೆ. ತಂಪು ಕೊಡುತ್ತದೆ, ತೇವ ಕೊಡುತ್ತದೆ. ಬಿಸಿಲಿಗೆ ಬಳಲಿದ ಚರ್ಮಕ್ಕೆ ಅದೂ ದೊಡ್ಡದೇ.

ಅರಿಶಿನ ಹಾಕಬೇಕಾ? ಮದುವೆಯ ಅರಿಶಿನ ಶಾಸ್ತ್ರದಿಂದ ಹಿಡಿದು ನಿತ್ಯದ ಸ್ನಾನದವರೆಗೆ ಅದು ನಮ್ಮ ಜೊತೆಗಿದೆ. ಒಂದು ಚಿಟಿಕೆ ಹಾಕಿ, ಸಾಕು. ಅರ್ಧ ಚಮಚ ಹಾಕಿದರೆ ಟ್ಯಾನ್ ಹೋಗುವುದಿಲ್ಲ, ಮುಖ ಎರಡು ದಿನ ಹಳದಿಯಾಗಿರುತ್ತದೆ. ಕೊಂಬು ತಂದು ಮನೆಯಲ್ಲೇ ಪುಡಿ ಮಾಡಿದ್ದಾದರೆ ಬಣ್ಣದ ಕಲಬೆರಕೆಯ ಭಯ ಇರುವುದಿಲ್ಲ. ಗಂಧದ ಕೊರಡು ಮನೆಯಲ್ಲಿದ್ದರೆ ಸಾಣೆಕಲ್ಲಿನ ಮೇಲೆ ನೀರಿನಲ್ಲಿ ತೇಯ್ದು ಹಚ್ಚಿ, ಹಿತವಾಗಿರುತ್ತದೆ. ಅಗ್ಗದ 'ಗಂಧದ ಪುಡಿ' ಪೊಟ್ಟಣಗಳಲ್ಲಿ ಬರೀ ಮರದ ಪುಡಿ, ಸುವಾಸನೆ ಸೇರಿರುವ ಸಾಧ್ಯತೆ ಇರುತ್ತದೆ. ಅವು ಬೇಡ.

ಸೌತೆಕಾಯಿ ತಂಪಿಗೆ ಸರಿ. ಟೊಮೆಟೊ ಕೆಲವರಿಗೆ ಉರಿಯುತ್ತದೆ. ಆಲೂಗಡ್ಡೆ ರಸದ ಬಗ್ಗೆ ಇರುವಷ್ಟು ಮಾತು ಅದರ ಕೆಲಸದಲ್ಲಿಲ್ಲ. ಪರಂಗಿ ಚೆನ್ನಾಗಿ ಹಣ್ಣಾಗಿದ್ದರೆ ಐದು ನಿಮಿಷ ಹಚ್ಚಬಹುದು. ಕಾಯಿಯ ಹಾಲು ಚರ್ಮವನ್ನು ಸುಡುತ್ತದೆ. ರಬ್ಬರ್ ಕೈಗವಸು ಹಾಕಿದರೆ ಅಲರ್ಜಿ ಆಗುವವರು ಹಣ್ಣನ್ನೂ ಮುಟ್ಟಬೇಡಿ.

ಕಲಸಿದ ಪ್ಯಾಕ್ ಉಳಿದರೆ ಚೆಲ್ಲಿಬಿಡಿ. ಫ್ರಿಜ್‌ನಲ್ಲಿಟ್ಟು ನಾಳೆ ಬಳಸುವುದು ಬೇಡ.

ಅಂಗಡಿಯಿಂದ ಒಂದೇ ಒಂದು ವಸ್ತು ತರುವುದಾದರೆ ಶೇ. 5ರ ನಿಯಾಸಿನಮೈಡ್ ಸೀರಮ್ ತನ್ನಿ. ಇದು ಬಿ3 ಜೀವಸತ್ವದ ಒಂದು ರೂಪ. ಮೆಲನಿನ್ ಮೇಲಿನ ಕೋಶಗಳಿಗೆ ಸಾಗುವುದನ್ನು ಕಡಿಮೆ ಮಾಡುತ್ತದೆ, ಹೆಚ್ಚಿನವರಿಗೆ ಉರಿ ತರುವುದಿಲ್ಲ. ರಾತ್ರಿ ಮುಖ ತೊಳೆದು ಎರಡು ಹನಿ, ಮೇಲೆ ಮಾಯಿಶ್ಚರೈಸರ್.

ಕೈ, ಪಾದ, ಮೊಣಕೈ

ಇಲ್ಲಿ ಚರ್ಮ ದಪ್ಪ, ಹಾಗಾಗಿ ಟ್ಯಾನ್ ಇಳಿಯಲು ಮುಖಕ್ಕಿಂತ ಜಾಸ್ತಿ ಸಮಯ ಬೇಕು. ವಾರಕ್ಕೊಮ್ಮೆ ಪಾದವನ್ನು ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ಇಟ್ಟು, ಮೆತ್ತನೆಯ ಬಟ್ಟೆಯಿಂದ ಒಂದೆರಡು ಸುತ್ತು ಸವರಿ. ನಂತರ ಹೆಸರುಹಿಟ್ಟು ಮೊಸರಿನ ಲೇಪ ಹದಿನೈದು ನಿಮಿಷ. ತೊಳೆದು ಕೊಬ್ಬರಿ ಎಣ್ಣೆ ಹಚ್ಚಿ ಹತ್ತಿ ಸಾಕ್ಸ್ ಹಾಕಿ ಮಲಗಿ. ಕಲ್ಲಿನಿಂದ ಉಜ್ಜುವುದು ಹಿಮ್ಮಡಿಗೆ ಮಾತ್ರ, ಪಾದದ ಮೇಲ್ಭಾಗಕ್ಕೆ ಬೇಡ. ಸಕ್ಕರೆ ಕಾಯಿಲೆ ಇರುವವರು ಪಾದ ನೆನೆಸುವುದು, ಉಜ್ಜುವುದು ಎರಡನ್ನೂ ಬಿಡಿ. ಸ್ಪರ್ಶ ಕಡಿಮೆ ಇದ್ದರೆ ಸುಟ್ಟದ್ದೂ ತರಚಿದ್ದೂ ಗೊತ್ತಾಗುವುದಿಲ್ಲ.

ಮಕ್ಕಳಿಗೆ ಪ್ಯಾಕ್ ಬೇಡವೇ ಬೇಡ. ಆಡಿ ಬಂದು ಕಪ್ಪಾದ ಮಗುವಿಗೆ ಟೋಪಿ, ನೆರಳು, ಸ್ನಾನದ ನಂತರ ಸ್ವಲ್ಪ ಎಣ್ಣೆ ಸಾಕು. 'ಎಷ್ಟು ಕಪ್ಪಾಗಿಬಿಟ್ಟೆ' ಅಂತ ಅದರ ಎದುರು ಹೇಳದಿದ್ದರೆ ಇನ್ನೂ ಒಳ್ಳೆಯದು.

ಇವನ್ನು ಹಚ್ಚಬೇಡಿ

ನಿಂಬೆರಸದ ಪಿಎಚ್ ಸುಮಾರು 2. ಚರ್ಮಕ್ಕೆ ಅದು ತೀರಾ ಹುಳಿ. ಇನ್ನೂ ದೊಡ್ಡ ಅಪಾಯ, ನಿಂಬೆ ಜಾತಿಯ ಹಣ್ಣುಗಳಲ್ಲಿರುವ ಫ್ಯೂರೋಕೌಮರಿನ್ ಎಂಬ ಅಂಶ. ಅದು ಚರ್ಮದ ಮೇಲಿದ್ದಾಗ ಬಿಸಿಲು ತಾಗಿದರೆ ಬೊಬ್ಬೆ ಏಳಬಹುದು. ಮಾಗಿದ ಮೇಲೆ ರಸ ಹರಿದ ಆಕಾರದಲ್ಲೇ ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಟ್ಯಾನ್‌ಗೆ ನಿಂಬೆ ಹಚ್ಚಿ ಎಂದು ಯಾರೇ ಹೇಳಲಿ, ಎಷ್ಟೇ ಪ್ರೀತಿಯಿಂದ ಹೇಳಲಿ, ಕೇಳಬೇಡಿ. ಶರಬತ್ತು ಮಾಡಿಕೊಂಡು ಕುಡಿಯಿರಿ.

ಅಡುಗೆ ಸೋಡಾ ಕ್ಷಾರ, ಚರ್ಮದ ರಕ್ಷಣೆಯ ಪದರವನ್ನು ಹಾಳು ಮಾಡುತ್ತದೆ. ಸಕ್ಕರೆ, ಉಪ್ಪು, ಕಾಫಿಪುಡಿಯ ಹರಳುಗಳ ಅಂಚು ಚೂಪು, ಉಜ್ಜಿದಾಗ ಕಣ್ಣಿಗೆ ಕಾಣದಷ್ಟು ಸಣ್ಣ ಗೀರು ಬೀಳುತ್ತವೆ. ಟೂತ್‌ಪೇಸ್ಟ್ ಹಲ್ಲಿಗೆ. ಪಾರ್ಲರಿನ ಬ್ಲೀಚ್ ಕೂದಲಿನ ಬಣ್ಣ ತೆಗೆದು ಮುಖ ಬೆಳಗಿದಂತೆ ತೋರಿಸುತ್ತದೆ, ಕೆಳಗಿನ ಟ್ಯಾನ್ ಅಲ್ಲೇ ಇರುತ್ತದೆ.

ಮೆಡಿಕಲ್ ಶಾಪಿನಲ್ಲಿ 'ಮುಖ ಬೆಳ್ಳಗಾಗಲು ಒಂದು ಟ್ಯೂಬ್ ಕೊಡಿ' ಅಂತ ಕೇಳಿ ತರುವ ಕ್ರೀಮ್‌ಗಳ ಬಗ್ಗೆ ನನಗೆ ನಿಜಕ್ಕೂ ಆತಂಕ ಇದೆ. ಅವುಗಳಲ್ಲಿ ಎಷ್ಟೋ ಸ್ಟೀರಾಯ್ಡ್ ಇರುವಂಥವು. ಮೊದಲ ವಾರ ಮುಖ ಹೊಳೆಯುತ್ತದೆ. ಆಮೇಲೆ ಚರ್ಮ ತೆಳುವಾಗುತ್ತದೆ, ರಕ್ತನಾಳ ಕಾಣುತ್ತವೆ, ಕೂದಲು ಬೆಳೆಯುತ್ತದೆ, ನಿಲ್ಲಿಸಿದರೆ ಉರಿ ಮತ್ತು ಗುಳ್ಳೆ. ಇಂಥ 14 ಸ್ಟೀರಾಯ್ಡ್ ಕ್ರೀಮ್‌ಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂದು 2018ರಲ್ಲೇ ಕೇಂದ್ರ ಸರ್ಕಾರ ನಿಯಮ ಮಾಡಿದೆ. ತಯಾರಕರ ಹೆಸರು, ಪದಾರ್ಥಗಳ ಪಟ್ಟಿ ಇಲ್ಲದ ಡಬ್ಬಿಗಳು ಇನ್ನೂ ಅಪಾಯ. ಕೆಲವು ವರ್ಷಗಳ ಹಿಂದೆ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಹಲವರಿಗೆ ಮೂತ್ರಪಿಂಡದ ತೊಂದರೆ ಕಾಣಿಸಿಕೊಂಡಾಗ, ವೈದ್ಯರು ಅದಕ್ಕೆ ಕಾರಣವೆಂದು ಗುರುತಿಸಿದ್ದು ಪಾದರಸ ಇರುವ ಬಿಳಿ ಮಾಡುವ ಕ್ರೀಮ್‌ಗಳನ್ನು.

ಮುಂದಿನ ವಾರವೇ ಮದುವೆ ಇದ್ದರೆ?

ಒಂದು ವಾರದಲ್ಲಿ ಟ್ಯಾನ್ ಹೋಗುವುದಿಲ್ಲ. ಆದರೆ ಮುಖ ಮೃದುವಾಗಿ, ಕಳೆಯಾಗಿ ಕಾಣುವಂತೆ ಮಾಡಬಹುದು. ದಿನಕ್ಕೆ ಎರಡು ಸಲ ಮಾಯಿಶ್ಚರೈಸರ್, ಹಗಲು ಸನ್‌ಸ್ಕ್ರೀನ್, ನಿಮಗೆ ಈಗಾಗಲೇ ಒಗ್ಗಿರುವ ಪ್ಯಾಕ್ ಒಂದು ಸಲ, ಅದೂ ಮೂರು ದಿನ ಮುಂಚೆ. ಹೊಸ ಪ್ರಯೋಗ ಒಂದೂ ಬೇಡ. ಮುಖಕ್ಕೂ ಕುತ್ತಿಗೆಗೂ ಬಣ್ಣ ಬೇರೆ ಕಾಣುತ್ತಿದ್ದರೆ ಮೇಕಪ್ ಮಾಡುವವರಿಗೆ ಮೊದಲೇ ಹೇಳಿ, ಅವರು ಸರಿ ಹೊಂದಿಸುತ್ತಾರೆ.

ಎಷ್ಟು ದಿನ ಕಾಯಬೇಕು, ಯಾವಾಗ ವೈದ್ಯರು

ಒಂದು ಪ್ರವಾಸದಲ್ಲಿ ಆದ ಟ್ಯಾನ್ ಒಂದರಿಂದ ಎರಡು ತಿಂಗಳಲ್ಲಿ ಬಹುಪಾಲು ಇಳಿಯುತ್ತದೆ. ವರ್ಷಗಟ್ಟಲೆ ಗಾಡಿ ಓಡಿಸಿ ಕಟ್ಟಿಕೊಂಡದ್ದಕ್ಕೆ ಇನ್ನೂ ಹಲವು ತಿಂಗಳು ಬೇಕು, ಪೂರ್ತಿ ಹೋಗದೆಯೂ ಇರಬಹುದು. ದಿನವೂ ಕನ್ನಡಿ ನೋಡಿದರೆ ಬದಲಾವಣೆ ಕಾಣುವುದಿಲ್ಲ. ಎರಡು ವಾರಕ್ಕೊಮ್ಮೆ ಅದೇ ಕಿಟಕಿ, ಅದೇ ಹೊತ್ತಿನಲ್ಲಿ ಕೈಯ ಫೋಟೊ ತೆಗೆದಿಡಿ.

ಮೂರು ತಿಂಗಳಾದರೂ ಕಡಿಮೆಯಾಗದ ಕಪ್ಪು, ಅಂಚು ಸ್ಪಷ್ಟವಾಗಿರುವ ಮಚ್ಚೆ, ಆಕಾರ ಅಥವಾ ಬಣ್ಣ ಬದಲಾಗುತ್ತಿರುವ ಮಚ್ಚೆ, ರಕ್ತ ಬರುವ ಅಥವಾ ಮಾಗದ ಹುಣ್ಣು, ಸ್ವಲ್ಪ ಬಿಸಿಲಿಗೇ ಮೈಮೇಲೆ ದದ್ದು ಏಳುವುದು, ಮೂಗು ಕೆನ್ನೆಯ ಮೇಲೆ ಕೆಂಪು ದದ್ದಿನ ಜೊತೆ ಕೀಲು ನೋವು. ಇವಿದ್ದರೆ ಮನೆಮದ್ದು ನಿಲ್ಲಿಸಿ ಚರ್ಮವೈದ್ಯರ ಹತ್ತಿರ ಹೋಗಿ. ಸರ್ಕಾರಿ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಯಲ್ಲೂ ಚರ್ಮರೋಗ ವಿಭಾಗ ಇರುತ್ತದೆ, ಖರ್ಚೂ ಕಡಿಮೆ. ಹೋಗುವಾಗ ಇಷ್ಟು ದಿನ ಹಚ್ಚಿದ ಎಲ್ಲ ಟ್ಯೂಬ್, ಡಬ್ಬಿಗಳನ್ನೂ ನುಂಗುತ್ತಿರುವ ಮಾತ್ರೆಗಳ ಚೀಟಿಯನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಅಂದು ಮುಖಕ್ಕೆ ಏನೂ ಹಚ್ಚಿರಬೇಡಿ, ಮೇಕಪ್ ಕೂಡ.